ಯಡಿಯೂರು ಕೆರೆ ಸ್ಟಾಪಿನ ಒಂದು ‘ರೀ’

ಪರಮಶಿವಯ್ಯನವರ ಕೊರತೆ ಒಂದೇ ಒಂದು ಅಕ್ಷರದ್ದು. ಮಿಕ್ಕಿದ್ದನ್ನೆಲ್ಲ ಶಿವ ಧಾರಾಳವಾಗಿ ಕೊಟ್ಟಿದ್ದ. ಸರ್ಕಾರಿ ಕಚೇರಿಯೊಂದರಲ್ಲಿ ರೆಕಾರ್ಡು ಕೋಣೆಯ ಮುಖ್ಯಸ್ಥರ ಹುದ್ದೆ ಇತ್ತು (ಆ ಕೋಣೆಯಲ್ಲಿ ಅವರನ್ನು ಬಿಟ್ಟರೆ ಇದ್ದದ್ದು ಜಿರಳೆಗಳು ಮಾತ್ರ, ಆದರೂ ಮುಖ್ಯಸ್ಥರು ಮುಖ್ಯಸ್ಥರೇ). ಜಯನಗರದ ಏಳನೇ ಬ್ಲಾಕಿನಲ್ಲಿ ಹೊಸದಾಗಿ ಕಟ್ಟಿಸಿದ ಮನೆ ಇತ್ತು. ನಲವತ್ತೈದು ತುಂಬಿದರೂ ಬಾಯಲ್ಲಿ ಮೂವತ್ತೊಂದು ಹಲ್ಲುಗಳು ಗಟ್ಟಿಯಾಗಿದ್ದವು. ಹೆಂಡತಿ ಸಿದ್ದಗಂಗಮ್ಮ ಲಕ್ಷಣವಂತೆ. ಆಕೆಯ ಕೈಯ ಬಸ್ಸಾರು ಉಂಡವರು ಕೈ ತೊಳೆಯಲು ಏಳುವುದನ್ನೇ ಮರೆಯುತ್ತಿದ್ದರು. ಇಷ್ಟೆಲ್ಲ ಇದ್ದೂ ಆ ಮಹರಾಯರು ಹಗಲೂ ಇರುಳೂ ಒಂದಕ್ಷರಕ್ಕಾಗಿ ಬಾಯಿ ಬಾಯಿ ಬಿಡುತ್ತಿದ್ದರು. ಆ ಅಕ್ಷರ ‘ರೀ’.

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಸಿದ್ದಗಂಗಮ್ಮ ಗಂಡನನ್ನು ಒಂದು ಸಲವೂ ‘ರೀ’ ಎಂದು ಕರೆದಿರಲಿಲ್ಲ. ‘ರೀ’ ಹೋಗಲಿ, ‘ಏನೂಂದ್ರೆ’ ಎಂದೂ ಅಂದಿರಲಿಲ್ಲ.

ತಪ್ಪು ಆಕೆಯದಲ್ಲ, ಬಳೇಪೇಟೆಯದು. ಬಳೇಪೇಟೆಯ ಹಳೇ ಮನೆಯಲ್ಲಿ ಹತ್ತೊಂಬತ್ತು ಜನರಿದ್ದರು. ಅವರೆಲ್ಲರ ಮೇಲೆ ಪರಮಶಿವಯ್ಯನವರ ಸೋದರತ್ತೆ ಶಿವಬಸಮ್ಮನವರ ಚಕ್ರಾಧಿಪತ್ಯ ನಡೆಯುತ್ತಿತ್ತು. ಸೊಸೆಯ ಬಳೆಯ ಸದ್ದು ಕೇಳಬಹುದು, ಬಾಯಿಯ ಸದ್ದು ಕೇಳಬಾರದು ಎಂಬುದು ಆ ಸಾಮ್ರಾಜ್ಯದ ಮೊದಲನೇ ಕಾನೂನು. ಹಗಲು ಹೊತ್ತಿನಲ್ಲಿ ಗಂಡ ಹೆಂಡಿರ ಮಾತುಕತೆಯೇನಿದ್ದರೂ ಮೂರನೆಯವರ ಮೂಲಕ ಹೋಗಬೇಕಾಗಿತ್ತು. ಮಗಳು ಚೂಡಾಮಣಿ ಹುಟ್ಟಿದ ಮೇಲೆ ಆ ಕೆಲಸ ಅವಳ ಪಾಲಿಗೆ ಬಂತು. “ಚೂಡಾ, ನಿಮ್ಮಪ್ಪಾಜಿಗೆ ಇನ್ನೊಂದು ಸೌಟು ಸಾರು ಬೇಕೇನು ಕೇಳು” ಎಂದು ಸಿದ್ದಗಂಗಮ್ಮ ಕೇಳುವುದು, ಅಲ್ಲೇ ಮೊಳದ ದೂರದಲ್ಲಿ ಎಲೆಯ ಮುಂದೆ ಕೂತ ಅಪ್ಪಾಜಿ “ಸಾಕು ಅಂತ ಹೇಳಮ್ಮ” ಎನ್ನುವುದು. ಅವಳು ಹುಟ್ಟುವುದಕ್ಕೆ ಮುಂಚೆ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು. ಕಂಬ ಒಳ್ಳೆಯದು, ಒಂದು ಮಾತನ್ನೂ ತಿರುಚಲಿಲ್ಲ.

ಇರುಳು ಮಾತನಾಡಬಹುದಿತ್ತು. ಆದರೆ ಅವರ ಕೋಣೆಗೂ ಅಣ್ಣನ ಕೋಣೆಗೂ ನಡುವೆ ಇದ್ದದ್ದು ಬರೀ ಹಲಗೆಯ ಅಡ್ಡಗೋಡೆ. ಹೀಗಾಗಿ ಸಿದ್ದಗಂಗಮ್ಮ ತನ್ನ ಆಯುಸ್ಸಿನ ಎಲ್ಲ ಮಾತನ್ನೂ ಗಂಡನಿಗೆ ಪಿಸುದನಿಯಲ್ಲೇ ಹೇಳಿದ್ದರು. ಪಕ್ಕದಲ್ಲಿ ಮಲಗಿದವರನ್ನು ಕರೆಯುವ ಪ್ರಮೇಯವೇ ಇಲ್ಲವಾದ್ದರಿಂದ ಅಲ್ಲೂ ‘ರೀ’ಗೆ ಜಾಗ ಸಿಗಲಿಲ್ಲ. ಆ ಪಿಸುಮಾತುಗಳನ್ನು ಕೇಳುತ್ತಾ ಪರಮಶಿವಯ್ಯನವರು ಒಂದು ಆಸೆ ಕಟ್ಟಿಕೊಂಡರು. ಒಂದು ದಿನ ತಮ್ಮದೇ ಮನೆಯಾಗುತ್ತದೆ. ಆಗ ಇವಳು ಅಡಿಗೆಮನೆಯಿಂದ ಹಜಾರಕ್ಕೆ ಕೇಳುವ ಹಾಗೆ ಬಾಯಿ ತುಂಬ ಕರೆಯುತ್ತಾಳೆ. ತಾವು “ಬಂದೆ” ಎನ್ನುತ್ತೇವೆ. ಜಯನಗರದಲ್ಲಿ ಸೈಟು ಹಾಕಿಸಿಕೊಂಡಾಗ ‘ಗಾಳಿ ಬೆಳಕು ಚೆನ್ನಾಗಿದೆ’ ಎಂದು ನಂಟರಿಗೆಲ್ಲ ಹೇಳಿದ್ದರು. ಅದು ಸುಳ್ಳು. ಮನೆ ಕಟ್ಟಿಸಿದ್ದು ಈ ಒಂದಕ್ಷರಕ್ಕೆ.

ಅರವತ್ತೆರಡನೇ ಇಸವಿಯಲ್ಲಿ ಚೂಡಾಮಣಿಯ ಮದುವೆಯಾಗಿ ಅವಳು ತಿಪಟೂರಿಗೆ ಹೋದಳು. ಅದೇ ವರ್ಷ ಗೃಹಪ್ರವೇಶವೂ ಆಯಿತು. ಹತ್ತೊಂಬತ್ತು ಜನರ ನಡುವೆ ಬಾಳಿದ ಜೋಡಿ, ಒಂದು ಸೋಮವಾರ ಬೆಳಗ್ಗೆ ಕಣ್ಣು ಬಿಟ್ಟು ನೋಡಿದರೆ ಮನೆಯಲ್ಲಿ ಇಬ್ಬರೇ. ಪರಮಶಿವಯ್ಯನವರು ಮಿಂದು, ವಿಭೂತಿ ಹಚ್ಚಿ, ಹಜಾರದ ಆರಾಮಕುರ್ಚಿಯಲ್ಲಿ ಕೂತು ಕಾದರು. ಎದೆ ಮದುಮಗನ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

“ಕಾಫಿ ಆಗಿದೆ” ಎಂದಿತು ಅಡಿಗೆಮನೆ.

ಯಾರಿಗೆ ಆಗಿದೆ, ಯಾರು ಮಾಡಿದರು, ಯಾರು ಕುಡಿಯಬೇಕು, ಏನೂ ಇಲ್ಲ. ಆಮೇಲೆ “ನೀರು ಕಾದಿದೆ.” ಆಮೇಲೆ “ಹೊತ್ತಾಯ್ತು.” ಕೊನೆಗೆ ಅವರು ಗೇಟು ದಾಟುವಾಗ “ಕೊಡೆ ಉಳಿದುಹೋಯ್ತು.” ಕರ್ತೃವಿಲ್ಲದ, ಸಂಬೋಧನೆಯಿಲ್ಲದ, ವ್ಯಾಕರಣ ಪಂಡಿತರು ತಲೆ ಚಚ್ಚಿಕೊಳ್ಳುವಂಥ ವಾಕ್ಯಗಳು. ಸಿದ್ದಗಂಗಮ್ಮನವರಿಗೆ ಮೂರನೆಯವರಿಲ್ಲದೆ ಗಂಡನೊಡನೆ ಮಾತನಾಡಲು ಬರುತ್ತಿರಲಿಲ್ಲ. ಬಳೇಪೇಟೆಯ ಕಂಬವನ್ನು ಕಿತ್ತು ತರುವ ಹಾಗೂ ಇರಲಿಲ್ಲ.

ಗಾಯಕ್ಕೆ ಉಪ್ಪು ಸವರಲು ಎದುರುಮನೆ ಇತ್ತು. ಅಲ್ಲಿ ಲೆಕ್ಕದ ಮೇಷ್ಟ್ರು ಅನಂತಪದ್ಮನಾಭ ಮತ್ತು ಅವರ ಹೆಂಡತಿ ಗಿರಿಜಾದೇವಿ. ಆಗಿನ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಒಂದು ಮನೆಯ ಒಗ್ಗರಣೆ ಸದ್ದು ಮೂರನೇ ಕ್ರಾಸಿಗೆ ಕೇಳಿಸುತ್ತಿತ್ತು. ಗಿರಿಜಾದೇವಿಯವರ ಕಂಠದ ಬಗ್ಗೆಯಂತೂ ಕೇಳುವುದೇ ಬೇಡ. “ರೀ! ಹಾಲು ಉಕ್ತಾ ಇದೆ ನೋಡ್ರೀ!” “ರೀ! ಎಮ್ಮೆ ನುಗ್ತು, ಗೇಟು ಹಾಕ್ರೀ!” “ರೀ! ಎಲ್ಲಿ ಸತ್ರೀ?” ಒಂದೊಂದು ‘ರೀ’ಗೂ ಮೇಷ್ಟ್ರು ಚೆಂಡಿನಂತೆ ಪುಟಿಯುತ್ತಿದ್ದರು. ಇತ್ತ ಆರಾಮಕುರ್ಚಿಯಲ್ಲಿ ಪರಮಶಿವಯ್ಯನವರೂ ತಮಗರಿವಿಲ್ಲದೆ ಅರ್ಧ ಎದ್ದು, ಮತ್ತೆ ಕೂರುತ್ತಿದ್ದರು.

“ನಿಮ್ಮನೆ ಮಠ ಇದ್ದಂಗಿದೆ ಸಾರ್” ಎಂದು ಮೇಷ್ಟ್ರು ಒಂದು ದಿನ ಬೇಲಿಯ ಹತ್ತಿರ ನಿಂತು ಕರುಬಿದರು. “ಒಂದು ಸದ್ದಿಲ್ಲ, ಗದ್ದಲ ಇಲ್ಲ. ಯಾವ ಜನ್ಮದ ಪುಣ್ಯವೋ!”

ಪರಮಶಿವಯ್ಯನವರು ಆ ಪುಣ್ಯವನ್ನು ಅವರಿಗೇ ಧಾರೆಯೆರೆದು ಕೊಡಲು ಸಿದ್ಧರಿದ್ದರು.

‘ಹೆಂಡತಿಯನ್ನೇ ಕೇಳಬಹುದಿತ್ತಲ್ಲ?’ ಎಂದು ನೀವು ಅನ್ನಬಹುದು. ಕೇಳಿ ಪಡೆದ ‘ರೀ’ ಭಿಕ್ಷೆಯಾಗುತ್ತದೆ. ಅದು ತಾನಾಗಿ ಬರಬೇಕು ಎಂಬುದು ಪರಮಶಿವಯ್ಯನವರ ಸಿದ್ಧಾಂತ. ಸಿದ್ಧಾಂತವಿರುವ ಗಂಡಸು ಉಪಾಯಗಳನ್ನು ಹುಡುಕುತ್ತಾನೆ. ಒಂದು ಭಾನುವಾರ ಅವರು ಊಟದ ಹೊತ್ತಿಗೆ ಸರಿಯಾಗಿ ಹಿತ್ತಿಲಿನ ನುಗ್ಗೆಮರದ ಕೆಳಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ಕೂತರು. ಕರೆಯದೆ ಎಲ್ಲಿಗೆ ಹೋಗುತ್ತಾಳೆ? ಇಪ್ಪತ್ತು ನಿಮಿಷ ಕಳೆಯಿತು. ಸಿದ್ದಗಂಗಮ್ಮ ಹಿತ್ತಿಲ ಬಾಗಿಲಿಗೆ ಬಂದು, ಕಾಂಪೌಂಡಿನ ಮೇಲೆ ಕೂತಿದ್ದ ಕಾಗೆಯನ್ನು ನೋಡುತ್ತಾ, “ಊಟಕ್ಕೆ ಏಳಬಹುದು” ಎಂದರು. ಕಾಗೆಯ ಪರವಾಗಿ ಪರಮಶಿವಯ್ಯನವರು ಎದ್ದು ಬಂದರು.

ಮುಂದಿನ ವಾರ ತಾರಸಿ ಹತ್ತಿದರು. ಈ ಸಲ ಸಿದ್ದಗಂಗಮ್ಮ ಗೇಟಿನ ತನಕ ಹೋಗಿ ಗಿರಿಜಾದೇವಿಯವರ ಹತ್ತಿರ ಏನೋ ಹೇಳಿದ್ದು ಮೇಲಿನಿಂದ ಕಾಣಿಸಿತು. ಮರುಕ್ಷಣವೇ ಎದುರುಮನೆಯಿಂದ, “ರೀ! ಪರಮಶಿವಯ್ಯನೋರ್ನ ಊಟಕ್ಕೆ ಕರೀಬೇಕಂತೆ, ಸ್ವಲ್ಪ ಕರೀರೀ!” ಎಂದು ಕೇಳಿತು. ಒಂದೇ ಉಸಿರಿನಲ್ಲಿ ಎರಡು ‘ರೀ’, ಎರಡೂ ಬೇರೆಯವರ ಪಾಲು. ಆ ದಿನ ಪರಮಶಿವಯ್ಯನವರಿಗೆ ಬಸ್ಸಾರು ರುಚಿಸಲಿಲ್ಲ.

ಇದಾಗಿ ಕೆಲವು ದಿನಕ್ಕೆ, ಒಂದು ಭಾನುವಾರ, ಬಳೇಪೇಟೆಯಲ್ಲಿ ಅಣ್ಣನ ಮೊಮ್ಮಗುವಿನ ನಾಮಕರಣವಿತ್ತು. ಗಂಡ ಹೆಂಡತಿ ಹೋದರು. ಸಿದ್ದಗಂಗಮ್ಮ ಹೆಂಗಸರ ಗುಂಪಿನಲ್ಲಿ ಮಾಯವಾದರು. ಪರಮಶಿವಯ್ಯನವರು ನಡುಮನೆಯಲ್ಲಿ ಕೂತು ಯಾರದೋ ಸಕ್ಕರೆ ಕಾಯಿಲೆಯ ಪುರಾಣ ಕೇಳುತ್ತಿದ್ದಾಗ, ಅಡಿಗೆಮನೆಯ ಬಾಗಿಲ ಮರೆಯಿಂದ ಎರಡು ಕಣ್ಣು ಅವರನ್ನು ನೋಡಿ, ಜಾರುತ್ತಿದ್ದ ಅವರ ಶಲ್ಯದ ಕಡೆ ಸನ್ನೆ ಮಾಡಿ, ಸರಕ್ಕನೆ ಮರೆಯಾದವು. ಅದೇ ಕಣ್ಣು, ಅದೇ ಬಾಗಿಲು! ಈ ನೋಟವನ್ನು ನೋಡಿ ಎಷ್ಟು ಕಾಲವಾಯಿತು! ಜಯನಗರದಲ್ಲಿ ಬಾಗಿಲುಗಳು ಬೇಕಾದಷ್ಟಿದ್ದವು, ಮರೆಯಲ್ಲಿ ನಿಲ್ಲಬೇಕಾದ ಅಗತ್ಯವಿರಲಿಲ್ಲ. ಬಳೇಪೇಟೆಯಲ್ಲಿದ್ದಾಗ ಜಯನಗರಕ್ಕೆ ಹಂಬಲಿಸಿದೆ, ಜಯನಗರಕ್ಕೆ ಹೋಗಿ ಬಳೇಪೇಟೆಗೆ ಹಂಬಲಿಸುತ್ತಿದ್ದೇನೆ, ನನ್ನಂಥ ಮೂರ್ಖನುಂಟೆ ಎಂದುಕೊಂಡರು. ಊಟಕ್ಕೆ ಕೂತಾಗ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟರು.

ಸಂಜೆ ನಾಲ್ಕಕ್ಕೆ ಮಾರ್ಕೆಟ್ಟಿನಲ್ಲಿ ಬನಶಂಕರಿ ಗುಡಿಯ ಬಸ್ಸು ಹತ್ತಿದರು. ಭಾನುವಾರದ ರಾಹುಕಾಲ ನಾಲ್ಕೂವರೆಗೆ. ಆ ಹೊತ್ತಿನ ಪೂಜೆಗೆಂದು ಊರಿನ ದಂಪತಿಗಳೆಲ್ಲ ಆ ಬಸ್ಸಿನಲ್ಲಿದ್ದರು. ಮುಂದೆ ಹೆಂಗಸರು, ಹಿಂದೆ ಗಂಡಸರು, ನಡುವೆ ಕಾಲಿಡಲು ಜಾಗವಿಲ್ಲ. ಸಿದ್ದಗಂಗಮ್ಮನಿಗೆ ಮುಂದೆ ಗಿರಿಜಾದೇವಿಯವರ ಪಕ್ಕದಲ್ಲೇ ಜಾಗ ಸಿಕ್ಕಿತು; ಮಾರ್ಕೆಟ್ಟಿನಲ್ಲಿ ಹಣ್ಣುಕಾಯಿ ಕೊಂಡು ಅವರೂ ಗುಡಿಗೆ ಹೊರಟಿದ್ದರು. ಹಿಂದೆ ಪರಮಶಿವಯ್ಯನವರು ಕಿಟಕಿಯ ಪಕ್ಕ ಕೂತರು, ಮೇಷ್ಟ್ರು ಕಂಬಿ ಹಿಡಿದು ನೇತುಬಿದ್ದರು.

ಬಸವನಗುಡಿ ದಾಟುವಾಗ ಪರಮಶಿವಯ್ಯನವರ ತಲೆಯಲ್ಲಿ ಮಿಂಚು ಹೊಳೆಯಿತು. ಇಲ್ಲಿ ಕಾಗೆಯಿಲ್ಲ. ಗಿರಿಜಾದೇವಿಯವರು ಗುಡಿಯ ತನಕ ಹೋಗುವವರು, ಇಳಿಯುವ ಗಡಿಬಿಡಿಯಲ್ಲಿ ಅವರ ಮೂಲಕ ಹೇಳಿಸಲು ಪುರುಸೊತ್ತಿಲ್ಲ. ತಾವು ಇಳಿಯಬೇಕಾದ ಯಡಿಯೂರು ಕೆರೆ ಸ್ಟಾಪು ಬಂದಾಗ ನಿದ್ದೆ ಹತ್ತಿದವರಂತೆ ಕಣ್ಣು ಮುಚ್ಚಿ ಕೂತರೆ, ಇವಳು ಕರೆಯಲೇಬೇಕು! ಆ ದನಿ ಹೇಗಿರುತ್ತದೆ ಎಂದೂ ಕಲ್ಪಿಸಿಕೊಂಡರು. ಮೆಲ್ಲಗೆ, ನಾಚಿಕೊಂಡು, ಸೆರಗಿನೊಳಗಿಂದ ಬಂದಂತೆ, “ರೀ...” ಎಂದು. ಬರೀ ಕಲ್ಪನೆಗೇ ಮೈ ಜುಂ ಎಂದಿತು.

“ಯಡಿಯೂರ್ ಕೆರೆ! ಇಳ್ಯೋರು ಬೇಗ ಬೇಗ!” ಎಂದ ಕಂಡಕ್ಟರು.

ಪರಮಶಿವಯ್ಯನವರು ಕಣ್ಣು ಮುಚ್ಚಿದರು. ಮುಂದಿನಿಂದ ಜನ ಇಳಿಯುವ ಸದ್ದು. ಒಂದು ಗಳಿಗೆ ಕಳೆಯಿತು. ಇನ್ನೇನು, ಇನ್ನೇನು...

“ರೀ!”

ಸಿಡಿಲು ಬಡಿದಂತಾಯಿತು. ಹೊರಗೆ ರಸ್ತೆಯ ಮೇಲಿಂದ ಬಂದ ಆ ದನಿಗೆ ಬಸ್ಸಿನ ತಗಡು ಅದುರಿತು. ‘ಅಬ್ಬಾ, ಯಾರೋ ಗಟ್ಟಿಗಿತ್ತಿ!’ ಎಂದುಕೊಂಡರು ಪರಮಶಿವಯ್ಯನವರು. ಗಂಡಸರ ಕಡೆ ಭೂಕಂಪವಾದ ಹಾಗಿತ್ತು. “ಬಂದೆ ಕಣೇ!” ಎಂದೊಬ್ಬರು, “ಇಲ್ಲೇ ಇದೀನಲ್ಲ!” ಎಂದು ಇನ್ನೊಬ್ಬರು. ಹತ್ತು ಹನ್ನೆರಡು ಜನ ಧಡಬಡ ಎದ್ದರು. ಯಾರೋ ಅವರ ಕಾಲು ತುಳಿದುಕೊಂಡು ಹೊರಗೆ ಧುಮುಕಿದರು.

“ರೀ! ರೀ...!” ಮತ್ತೆರಡು ಸಲ.

ಪರಮಶಿವಯ್ಯನವರು ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿದರು. ಹೊಟ್ಟೆಯಲ್ಲಿ ಕಿಚ್ಚು. ಯಾವನೋ ಪುಣ್ಯಾತ್ಮ! ಹೀಗೆ ಬೀದಿಗೆಲ್ಲ ಕೇಳುವಂತೆ ಕರೆಸಿಕೊಳ್ಳಬೇಕಾದರೆ ಎಷ್ಟು ಶಿವರಾತ್ರಿ ಜಾಗರಣೆ ಮಾಡಿದ್ದಾನೋ! ನನ್ನವಳು ಇನ್ನೂ ಅಲ್ಲೇ ಕೂತು ನಾಚಿಕೊಳ್ಳುತ್ತಿದ್ದಾಳೆ. ಪಾಪ, ಸಮಯ ಕೊಡಬೇಕು.

“ರೈಟ್!” ಎಂದ ಕಂಡಕ್ಟರು. ಬಸ್ಸು ಹೊರಟಿತು.

ಸಾಕಷ್ಟು ಸಮಯ ಕೊಟ್ಟ ಮೇಲೆ ಅವರು ಒಂದು ಕಣ್ಣು ತೆರೆದು ನೋಡಿದರು. ಗಿರಿಜಾದೇವಿಯವರ ಪಕ್ಕದ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

“ಕಂಡಕ್ಟ್ರೇ, ಇಲ್ಲಿ ಹಸಿರು ಸೀರೆ ಉಟ್ಕೊಂಡಿದ್ದ ಹೆಂಗಸರು...”

“ಅವರು ಆಗ್ಲೇ ಇಳಿದ್ರಲ್ಲ ಸಾರ್! ಕೆಳಗೆ ನಿಂತ್ಕೊಂಡು ಮೂರು ಸಲ ಕೂಗಿದ್ದು ಅವರೇ. ಪಾಪ, ಅವರ ಗಂಡ ಯಾರೋ ಕಿವುಡ ಅಂತ ಕಾಣುತ್ತೆ.”

ಪರಮಶಿವಯ್ಯನವರು ಕೂತಲ್ಲಿಂದ ದಡಕ್ಕನೆ ಎದ್ದರು. ಇಪ್ಪತ್ತೆರಡು ವರ್ಷ ಕಾದದ್ದು ಬಂದಿತ್ತು, ಒಂದಲ್ಲ, ಮೂರು ಸಲ. ತಾವು ಅದನ್ನು ಪರರ ಸ್ವತ್ತೆಂದು ಬಿಟ್ಟುಕೊಟ್ಟು ಕೂತಿದ್ದರು. ಇಳಿಯೋಣವೆಂದರೆ ಬಸ್ಸು ಗುಡಿಯ ತನಕ ಎಲ್ಲೂ ನಿಲ್ಲಲಿಲ್ಲ.

ಗುಡಿಯ ಮುಂದೆ ಇಳಿದ ಗಿರಿಜಾದೇವಿಯವರು ಅತ್ತಿತ್ತ ನೋಡಿ, “ನಮ್ಮನೆಯೋರೆಲ್ಲಿ?” ಎಂದರು. ಅವರ ಮನೆಯವರು ಯಡಿಯೂರು ಕೆರೆ ಸ್ಟಾಪಿನಲ್ಲೇ ಧುಮುಕಿದ್ದರು. ‘ರೀ’ ಎಂಬ ಸದ್ದಿಗೆ ಆ ಕಾಲುಗಳು ತಾವಾಗಿ ಓಡುತ್ತಿದ್ದವು, ಯಾರ ‘ರೀ’ ಎಂದು ವಿಚಾರಿಸುವ ಅಭ್ಯಾಸವಿರಲಿಲ್ಲ. ರಾಹುಕಾಲ ಶುರುವಾಗಿತ್ತು. ಒಬ್ಬರ ಗಂಡ, ಇನ್ನೊಬ್ಬರ ಹೆಂಡತಿ, ಗಂಟೆ ಬಾರಿಸುವ ಗುಡಿಯ ಮುಂದೆ ಪೆಚ್ಚಾಗಿ ನಿಂತರು. ವಿಷಯವೇನೆಂದು ಪರಮಶಿವಯ್ಯನವರು ತೊದಲುತ್ತಾ ಹೇಳಿದರು.

ಗಿರಿಜಾದೇವಿಯವರು ನಗುತ್ತಾರೆಂದುಕೊಂಡಿದ್ದರು. ಅವರು ನಗಲಿಲ್ಲ. “ಕೂಗಿದ್ರೆ ನಮ್ಮೋರು ಬರ್ತಾರೆ ಅಣ್ಣಾ, ಸುಳ್ಳು ಹೇಳಬಾರದು” ಎಂದರು. “ಆದ್ರೆ ಕೂಗದೇನೇ ಬಂದು ನನ್ನ ಪಕ್ಕದಲ್ಲಿ ಕೂತ ದಿನ ಒಂದೂ ಇಲ್ಲ.” ಆಮೇಲೆ ಇಬ್ಬರೂ ತಿರುಗಿ ಹೊರಟ ಆ ಬಸ್ಸನ್ನೇ ಹತ್ತಿದರು.

ಯಡಿಯೂರು ಕೆರೆಯ ಹತ್ತಿರ ಮೇಷ್ಟ್ರು ಹಣ್ಣುಕಾಯಿ ಚೀಲ ಹಿಡಿದು ಕಾದಿದ್ದರು. ಹೆಂಡತಿಯಿಂದ ಆಗಬೇಕಾದ ಅರ್ಚನೆ ಮುಗಿದ ಮೇಲೆ ಪರಮಶಿವಯ್ಯನವರು ಅವರನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು.

“ಮೇಷ್ಟ್ರೇ, ನೀವು ಹತ್ತಿರದಿಂದ ಕೇಳಿದಿರಲ್ಲ. ಹೇಗ್ ಕೂಗಿದ್ಲು?”

“ಹೇಗೆ ಅಂದ್ರೆ? ‘ರೀ’ ಅಂತ.”

“ಅದು ಗೊತ್ತು. ದನಿ ಹೇಗಿತ್ತು? ಕೋಪ ಇತ್ತೋ, ಪ್ರೀತಿ ಇತ್ತೋ? ಸ್ವಲ್ಪ... ಅಂದು ತೋರಿಸ್ತೀರಾ?”

ಮೇಷ್ಟ್ರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆದರೆ ಆ ಮುಖದಲ್ಲಿದ್ದ ದೈನ್ಯವನ್ನು ಕಂಡು ಇಲ್ಲವೆನ್ನಲಾಗದೆ, ಕೆರೆಯ ಕಡೆ ತಿರುಗಿ, ಸಣ್ಣ ದನಿ ಮಾಡಿ, “ರೀ...” ಎಂದು ಕೂಗಿದರು. ಪರಮಶಿವಯ್ಯನವರ ಕಣ್ಣಲ್ಲಿ ನೀರು ತುಂಬಿತು. ಹಿಂದಿನಿಂದ ಗಿರಿಜಾದೇವಿಯವರು, “ಯಾರನ್ರೀ ನೀವು ರೀ ಅನ್ನೋದು?” ಎಂದು ಗದರಿದ್ದರಿಂದ ಎರಡನೇ ಸಲ ಕೇಳುವ ಭಾಗ್ಯ ಸಿಗಲಿಲ್ಲ.

ಮನೆಯ ಬೀಗದ ಕೈ ಪರಮಶಿವಯ್ಯನವರ ಜೇಬಿನಲ್ಲಿತ್ತು. ಸಿದ್ದಗಂಗಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಗಂಡನನ್ನು ಕಂಡವರೇ ಎದ್ದು ನಿಂತರು. ಕಾಗೆ, ಕಂಬ, ಗೋಡೆ ಯಾವುದನ್ನೂ ನೋಡಲಿಲ್ಲ.

“ಎಲ್ಲಿಗ್ ಹೋಗಿದ್ರಿ ನೀವು?”

“ಬನಶಂಕರಿ ಗುಡಿಗೆ... ಬಸ್ಸು ಕರ್ಕೊಂಡು ಹೋಯ್ತು.”

“ಬೀದೀಲಿ ನಿಂತ್ಕೊಂಡು ಹರಾಜು ಹಾಕೋರ ಥರ ಕೂಗಿದ್ನಲ್ಲ! ಕಂಡ ಕಂಡ ಗಂಡಸ್ರೆಲ್ಲ ಕಿಟಕೀಲಿ ತಲೆ ಹಾಕಿ ‘ನನ್ನಾ, ನನ್ನಾ’ ಅಂದ್ರು. ಮೇಷ್ಟ್ರು ಇಳ್ದೇ ಬಿಟ್ರು. ಇಳೀಬೇಕಾದೋರು ಮಾತ್ರ ಕಲ್ಲುಗುಂಡಿನ ಹಂಗೆ ಕೂತಿದ್ರಿ!”

“ನಿನ್ನ ದನಿ ಅಂತ ಗೊತ್ತಾಗ್ಲಿಲ್ಲ ಕಣೆ.”

ಸಿದ್ದಗಂಗಮ್ಮನ ಕೋಪ ಇದ್ದಕ್ಕಿದ್ದಂತೆ ಇಳಿದುಹೋಯಿತು. ಅದರ ಜಾಗದಲ್ಲಿ ಬಂದದ್ದನ್ನು ನೋಡಲು ಪರಮಶಿವಯ್ಯನವರಿಗೆ ಧೈರ್ಯವಾಗಲಿಲ್ಲ.

“ಇಪ್ಪತ್ತೆರಡು ವರ್ಷ ಆದ್ಮೇಲೂ?”

“ನಾನು ಕೇಳಿರೋದು ನಿನ್ನ ಪಿಸುಮಾತು ಒಂದೇ. ಕೂಗಿದ್ರೆ ಹೇಗಿರುತ್ತೆ ಅಂತ ನಂಗೆ ಯಾರು ಹೇಳ್ಕೊಟ್ಟಿದ್ರು? ನಿದ್ದೆ ಬಂದಿರ್ಲಿಲ್ಲ ಕಣೆ. ನೀನು ಒಂದ್ಸಲ ‘ರೀ’ ಅನ್ನಲಿ ಅಂತಾನೇ ಕಣ್ಣು ಮುಚ್ಕೊಂಡು ಕೂತಿದ್ದೆ. ಅಷ್ಟು ಆಸೆ ನಂಗೆ.”

ಬೀಗ ತೆಗೆದದ್ದಾಯಿತು. ಹೊಸ್ತಿಲ ಮೇಲೆ ನಿಂತು ಸಿದ್ದಗಂಗಮ್ಮ ಕೇಳಿದರು:

“ಆಸೆ ನಿಮಗೊಬ್ಬರಿಗೇನಾ? ನೀವು ನನ್ನ ಏನಂತ ಕರೀತೀರಿ, ಹೇಳಿ ನೋಡಣ.”

ಪರಮಶಿವಯ್ಯನವರು ಯೋಚಿಸಿದರು. ಯೋಚಿಸುತ್ತಲೇ ಕೆಮ್ಮಿದರು.

“ಕೆಮ್ಮು!” ಎಂದರು ಸಿದ್ದಗಂಗಮ್ಮ. “ಒಂದು ಕೆಮ್ಮಿದ್ರೆ ಕಾಫಿ. ಎರಡು ಕೆಮ್ಮಿದ್ರೆ ಅಂಗಿ. ಮೂರು ಕೆಮ್ಮಿದ್ರೆ ಯಾರೋ ಬಂದಿದಾರೆ, ಎಲೆ ಅಡಿಕೆ ತಾ ಅಂತ. ಇಪ್ಪತ್ತೆರಡು ವರ್ಷದಿಂದ ನಾನು ಕೆಮ್ಮಿಗೆ ಓಗೊಡ್ತಾ ಇದೀನಿ. ನಿಮಗೆ ನಿಜವಾಗಿ ನೆಗಡಿ ಆದಾಗ ನನ್ನ ಕಾಲು ಬಿದ್ದುಹೋಗ್ತವೆ, ಗೊತ್ತಾ? ನಮ್ಮಪ್ಪ ನಂಗೊಂದು ಹೆಸರು ಇಟ್ಟಿದ್ರು. ಮದುವೇಲಿ ಹೆಸರು ಹೇಳೋ ಶಾಸ್ತ್ರದ ದಿನ ನಮ್ಮಕ್ಕಂದಿರು ಬಾಗಿಲಿಗೆ ಅಡ್ಡ ನಿಂತಿದ್ದಕ್ಕೆ ಒಂದ್ಸಲ ಅಂದ್ರಿ. ಆಮೇಲೆ ಅದನ್ನ ನಿಮ್ಮ ಬಾಯಲ್ಲಿ ನಾನು ಕೇಳಿಲ್ಲ. ಬೇರೆ ಮನೆಗೆ ಬಂದ್ಮೇಲಾದ್ರೂ ಅಂತೀರಿ ಅಂದ್ಕೊಂಡೆ.”

ಅಷ್ಟು ಹೇಳಿ ಅಡಿಗೆಮನೆಗೆ ಹೋಗಿಬಿಟ್ಟರು.

ಪರಮಶಿವಯ್ಯನವರು ಹಜಾರದ ನಡುವೆ ನಿಂತೇ ಇದ್ದರು. ಯಾವ ಇಸವಿಯ ಯಾವ ಕಾಗದ ಯಾವ ಕಟ್ಟಿನಲ್ಲಿದೆ ಎಂದು ಕತ್ತಲಲ್ಲೂ ಹೇಳಬಲ್ಲ ಆ ರೆಕಾರ್ಡು ಕೋಣೆಯ ಮುಖ್ಯಸ್ಥರಿಗೆ, ಸ್ವಂತ ಹೆಂಡತಿಯ ಹೆಸರನ್ನು ಬಾಯಿಯ ತನಕ ತರಲು ಕಾಲು ಗಂಟೆ ಹಿಡಿಯಿತು. ಈ ಮನೆ ಕಟ್ಟಿಸುವಾಗ ನನ್ನ ಕಿವಿಯ ಸುಖವನ್ನು ಮಾತ್ರ ನೆನೆದಿದ್ದೆನಲ್ಲ ಎಂದು ಮನಸ್ಸು ಹಿಂಡಿತು.

“ಗಂಗಾ” ಎಂದರು. ಹಲ್ಲಿಯ ಲೊಚಗುಟ್ಟುವಿಕೆಗಿಂತ ಸ್ವಲ್ಪ ದೊಡ್ಡದಾಗಿತ್ತು, ಅಷ್ಟೆ.

“ಗಂಗಾ!” ಅಡಿಗೆಮನೆಯಲ್ಲಿ ಬಳೆಯ ಸದ್ದು ನಿಂತಿತು. ಉತ್ತರ ಮಾತ್ರ ಇಲ್ಲ.

“ಸಿದ್ದಗಂಗಾ!” ಈ ಸಲ ದನಿ ಕಿಟಕಿ ದಾಟಿ, ರಸ್ತೆ ದಾಟಿ ಹೋಯಿತು. ಎದುರುಮನೆಯ ಕಿಟಕಿ ತೆರೆಯಿತು. “ರೀ! ಕೇಳಿಸ್ಕೊಳ್ರೀ! ಹೆಂಡ್ತೀನ ಹೆಂಗೆ ಕರೀತಿದಾರೆ, ನೋಡಿ ಕಲೀರಿ!” ಎಂದು ಗಿರಿಜಾದೇವಿಯವರ ಕಂಠ ಕೇಳಿತು. ಮಠದಂತಿದ್ದ ಒಂದೇ ಒಂದು ಮನೆಯೂ ಹೋಯಿತಲ್ಲ ಎಂದು ಮೇಷ್ಟ್ರು ಅಲ್ಲಿಂದಲೇ ಕಣ್ಣು ಕೆಕ್ಕರಿಸಿದರು.

ನಾಲ್ಕನೇ ಸಲ, ಐದನೇ ಸಲ. ಆರನೆಯದಕ್ಕೆ ಪರಮಶಿವಯ್ಯನವರ ದನಿ ಒಡೆದುಹೋಯಿತು.

“ಕೇಳಿಸ್ತಾ ಇಲ್ವೇನೇ, ಗಂಗಾ?”

“ಕೇಳಿಸ್ತಾ ಇದೆ” ಎಂದಿತು ಒಳಗಿನಿಂದ ಒದ್ದೆಯಾದ ಒಂದು ದನಿ. “ಇನ್ನೊಂದ್ಸಲ ಕರೀರಿ.”

ಆ ‘ಕರೀರಿ’ಯ ಕೊನೆಯಲ್ಲಿ ಒಂದು ‘ರಿ’ ಇತ್ತು. ದೀರ್ಘವಿಲ್ಲ, ಸ್ವತಂತ್ರವೂ ಅಲ್ಲ, ಕ್ರಿಯಾಪದದ ಬಾಲ ಹಿಡಿದುಕೊಂಡು ಬಂದದ್ದು. ಜಗಳದಲ್ಲಿ ಬಂದ ‘ರಿ’ಗಳನ್ನು ಅವರು ತಮ್ಮದೆಂದುಕೊಂಡಿರಲಿಲ್ಲ, ಇದನ್ನು ಮಾತ್ರ ಎರಡೂ ಕಿವಿಯಲ್ಲಿ ತುಂಬಿಕೊಂಡರು. ಗಂಟಲು ಕಟ್ಟಿತ್ತು. ಒಂದು ಸಲ ಕೆಮ್ಮಿ ಸರಿಮಾಡಿಕೊಳ್ಳೋಣವೆಂದರೆ ಎಲ್ಲಿ ಕಾಫಿ ಬಂದುಬಿಡುತ್ತದೋ ಎಂಬ ಭಯ. ಹಾಗಾಗಿ ಪರಮಶಿವಯ್ಯನವರು ಕೆಮ್ಮನ್ನು ನುಂಗಿಕೊಂಡು, ಒಡಕಲು ದನಿಯಲ್ಲೇ ಮತ್ತೊಮ್ಮೆ ಕರೆದರು.